ಚಿತ್ರ ಬರೆಯುವವರು, ಬರೆಸುವವರು

ಅನಿಮೇಷನ್ ಚಿತ್ರದಲ್ಲಿ ಯಾವ ಚಿತ್ರವೂ ಚಲಿಸುವುದಿಲ್ಲ. ಸ್ವಲ್ಪಸ್ವಲ್ಪವೇ ಬದಲಾದ ಚಿತ್ರಗಳು ಒಂದರ ಹಿಂದೊಂದು ವೇಗವಾಗಿ ಸರಿದಾಗ ನಮ್ಮ ಕಣ್ಣಿಗೆ ಚಲನೆ ತೋರುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುವುದು ವಾಡಿಕೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿದರೂ ಒಂದು ನಿಮಿಷದ ಕಥೆಗೆ 720 ಚಿತ್ರಗಳು ಬೇಕು. ಇಷ್ಟು ಶ್ರಮದ ಕೆಲಸದಲ್ಲಿ ಬರೆಯುವವರಿಗೂ ಬರೆಸುವವರಿಗೂ ಭಿನ್ನಾಭಿಪ್ರಾಯ ಬಂದರೆ ಏನು ಮಾಡಬೇಕು?

ಕಲಬುರಗಿಯ ಕಲಾವಿದ್ಯಾರ್ಥಿಗಳು ಶರಣಸಿರಸಗಿಯ ತೊಗರಿ ಬೆಳೆಗಾರರಿಗಾಗಿ ಕಾಯಿಕೊರಕ ಹುಳುವನ್ನು ಕುರಿತು ಇಂಥದೊಂದು ಚಿತ್ರವನ್ನು ತಯಾರಿಸುತ್ತಿರುವರೆಂದು ಭಾವಿಸೋಣ. ಅವರು ಹುಳುವನ್ನು ನಗುಮುಖದ ತುಂಟನನ್ನಾಗಿ ಬರೆದಿದ್ದಾರೆ.

"ಬೆಳಿ ಕಳಕೊಂಡಾವಗ ಈ ಹುಳಾ ನೋಡಿ ನಗು ಬರ್ತದೇನಪಾ?" ಎಂದು ಹಿರಿಯ ರೈತರೊಬ್ಬರು ಕೇಳುತ್ತಾರೆ.

"ನಗು ಬರದಿದ್ರ ಮಂದಿ ನೋಡಂಗಿಲ್ರಿ, ಕಾಕಾ" ಎನ್ನುತ್ತಾನೆ ವಿದ್ಯಾರ್ಥಿ.

ಇಬ್ಬರ ಮಾತೂ ನಿಜವೇ. ಆಗ ಕಥೆಯೇ ದಾರಿ ತೋರಬಲ್ಲದು. ಹುಳು ಮೊದಲು ನಗಿಸಲಿ. ಅದು ಮೊಗ್ಗು, ಹೂಗಳನ್ನು ತಿಂದು, ಕಾಯಿಗೆ ತೂತು ಕೊರೆದು, ಒಳಗಿನ ಕಾಳನ್ನು ಮುಗಿಸುವಾಗ ನೋಡುವವರ ನಗು ತಾನಾಗಿ ನಿಲ್ಲಲಿ.

ಇಂಥ ಚರ್ಚೆಗೆ ತಕ್ಕ ಕಾಲ ಸ್ಟೋರಿಬೋರ್ಡಿನದು. ಇಡೀ ಕಥೆಯನ್ನು ಕೆಲವೇ ಸಾಲುಚಿತ್ರಗಳಲ್ಲಿ ಬರೆದು ತೋರಿಸುವುದೇ ಸ್ಟೋರಿಬೋರ್ಡ್. ಅಲ್ಲಿ ಹುಳುವಿನ ಮುಖವನ್ನು ತಿದ್ದಲು ಒಂದು ರಬ್ಬರು ಸಾಕು. ಎಲ್ಲ ಚಿತ್ರಗಳೂ ಮುಗಿದ ಮೇಲೆ ಎಷ್ಟೋ ದಿನಗಳ ದುಡಿಮೆ ವ್ಯರ್ಥವಾಗುತ್ತದೆ. ರೈತರು ಹೊಲವನ್ನು ಬಲ್ಲರು, ವಿದ್ಯಾರ್ಥಿಗಳು ಗೆರೆಯನ್ನು ಬಲ್ಲರು. ಒಬ್ಬರಿಂದೊಬ್ಬರು ಕಲಿತಾಗಲೇ ಚಿತ್ರಕ್ಕೆ ಜೀವ ಬರುತ್ತದೆ.