ಉಷ್ಣಕ್ಕೊಂದು ದಾರಿ

1885ನೆಯ ಇಸವಿಯ ನವೆಂಬರ್ ತಿಂಗಳು. ಜರ್ಮನಿಯ ಕಾನ್‌ಸ್ಟಾಟ್ ಪಟ್ಟಣದಿಂದ ವಿಚಿತ್ರವಾದ ವಾಹನವೊಂದು ಸದ್ದು ಮಾಡುತ್ತ ಹೊರಟಿತು. ಅದರ ಚೌಕಟ್ಟು ಮರದ್ದು. ಹಿಂದೆ ಮುಂದೆ ಎರಡು ದೊಡ್ಡ ಗಾಲಿಗಳು. ಬೀಳದಂತೆ ತಡೆಯಲು ಪಕ್ಕಗಳಲ್ಲಿ ಎರಡು ಪುಟ್ಟ ಗಾಲಿಗಳು. ನಡುವೆ ಅರ್ಧ ಅಶ್ವಶಕ್ತಿಯ ಪೆಟ್ರೋಲ್ ಇಂಜಿನು. ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ನಿರ್ಮಿಸಿದ್ದ ಈ ವಾಹನವನ್ನು ಡೈಮ್ಲರನ ಮಗ ಪಾಲ್ ನೆರೆಯ ಉಂಟರ್‌ಟುರ್ಕ್‌ಹೈಮ್ ಎಂಬ ಊರಿನವರೆಗೆ ನಡೆಸಿದನು. ಇಂಧನವನ್ನು ಹೊತ್ತಿಸುವ ಕಾದ ನಳಿಗೆಯು ಆಸನದ ಅಡಿಯಲ್ಲಿಯೇ ಇದ್ದುದರಿಂದ, ದಾರಿಯಲ್ಲಿ ಆಸನಕ್ಕೇ ಬೆಂಕಿ ಹತ್ತಿತೆಂದು ಹೇಳುತ್ತಾರೆ. ವಾಹನವನ್ನು ಓಡಿಸುವ ಉಷ್ಣವೇ ಸವಾರನನ್ನು ಸುಡಬಲ್ಲುದು ಎಂಬ ಪಾಠವನ್ನು ಮೋಟಾರು ಸೈಕಲ್ಲು ಹುಟ್ಟಿದಾಗಲೇ ಕಲಿಸಿತು.

ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯೆಲ್ಲವೂ ಗಾಲಿಯನ್ನು ತಿರುಗಿಸಲು ಒದಗುವುದಿಲ್ಲ. ಸಾಮಾನ್ಯ ಇಂಜಿನಿನಲ್ಲಿ ಹಾಗೆ ಒದಗುವುದು ಸುಮಾರು ಕಾಲುಭಾಗ ಮಾತ್ರ. ಸುಮಾರು ಮೂರರಲ್ಲಿ ಒಂದು ಭಾಗ ಉರಿದ ಅನಿಲದೊಡನೆ ಹೊರಗೆ ಹೋಗುತ್ತದೆ. ಉಳಿದುದು ಸಿಲಿಂಡರಿನ ಗೋಡೆಯನ್ನೂ ಎಣ್ಣೆಯನ್ನೂ ಕಾಯಿಸಿ ಕೊನೆಗೆ ಗಾಳಿಯನ್ನು ಸೇರುತ್ತದೆ. ಇದು ಕೇವಲ ಕುಶಲತೆಯ ಕೊರತೆಯಲ್ಲ. ಉಷ್ಣದಿಂದ ದುಡಿಯುವ ಯಾವ ಯಂತ್ರವೇ ಆಗಲಿ, ತಾನು ಪಡೆದ ಉಷ್ಣದಲ್ಲಿ ಒಂದು ಪಾಲನ್ನು ತಂಪಾದ ಎಡೆಗೆ ಬಿಟ್ಟುಕೊಡಲೇಬೇಕು. ಈ ತತ್ತ್ವಕ್ಕೆ ತಳಹದಿ ಹಾಕಿದವನು ಫ್ರಾನ್ಸಿನ ಸಾದಿ ಕಾರ್ನೊ, ಕಾಲ 1824.

ಹೀಗೆ ಬಿಟ್ಟುಕೊಡಬೇಕಾದ ಉಷ್ಣಕ್ಕೆ ಸರಿಯಾದ ದಾರಿ ಇಲ್ಲದಿದ್ದರೆ ಕೇಡು ತಪ್ಪದು. ಸಿಲಿಂಡರು ಮಿತಿಮೀರಿ ಕಾದರೆ ಎಣ್ಣೆಯ ಪದರ ತೆಳುವಾಗುತ್ತದೆ. ಪಿಸ್ಟನ್ನು ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಓಡುವ ವಾಹನ ನಡುದಾರಿಯಲ್ಲಿ ಹಠಾತ್ತನೆ ನಿಂತರೆ ಸವಾರನ ಪ್ರಾಣಕ್ಕೂ ಅಪಾಯ. ಆದುದರಿಂದಲೇ ಗಾಳಿಯಿಂದ ತಂಪಾಗುವ ಇಂಜಿನಿನ ಸಿಲಿಂಡರಿನ ಸುತ್ತ ತೆಳುವಾದ ಲೋಹದ ರೆಕ್ಕೆಗಳನ್ನು ರಚಿಸುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ವಾಹನಗಳಲ್ಲಿ ಈ ರೆಕ್ಕೆಗಳನ್ನು ಸ್ಪಷ್ಟವಾಗಿ ಕಾಣಬಹುದು. ರೆಕ್ಕೆಗಳು ಗಾಳಿಗೆ ತಗಲುವ ಮೈಯನ್ನು ಹೆಚ್ಚಿಸುತ್ತವೆ. ವಾಹನ ಮುಂದೆ ಸಾಗಿದಂತೆ ಎದುರುಗಾಳಿ ಅವುಗಳ ನಡುವೆ ನುಗ್ಗಿ ಉಷ್ಣವನ್ನು ಹೊತ್ತೊಯ್ಯುತ್ತದೆ.

ಉರಿದ ಅನಿಲದ ದಾರಿ ಬೇರೆ. ಸಿಲಿಂಡರಿನಿಂದ ಹೊರಬೀಳುವಾಗ ಅದರ ಉಷ್ಣತೆ, ಇಂಜಿನು ಬಲವಾಗಿ ದುಡಿಯುತ್ತಿದ್ದರೆ, 600 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಈ ಅನಿಲವನ್ನು ಹೊತ್ತ ನಿಷ್ಕಾಸ ಕೊಳವೆಯು ಸವಾರನ ಕಾಲಿನ ಪಕ್ಕದಲ್ಲಿಯೇ ಸಾಗಿ ಸೈಲೆನ್ಸರನ್ನು ಸೇರುತ್ತದೆ. ವಾಹನದಿಂದ ಇಳಿಯುವಾಗ ಮೀನಖಂಡಕ್ಕೆ ಅದು ತಗಲಿ ಸುಟ್ಟುಕೊಂಡವರು ಊರೂರಿನಲ್ಲಿಯೂ ಇದ್ದಾರೆ. ಅವರಲ್ಲಿ ಚಿಕ್ಕ ಮಕ್ಕಳೂ ಉಂಟು. ಸುಟ್ಟ ಜಾಗದ ಮೇಲೆ ಕೂಡಲೇ 20 ನಿಮಿಷದವರೆಗೆ ತಣ್ಣೀರನ್ನು ಹರಿಯಬಿಡುವುದೇ ಸರಿಯಾದ ಪ್ರಥಮ ಚಿಕಿತ್ಸೆ. ಹಲ್ಲುಪುಡಿ, ಶಾಯಿ ಮುಂತಾದವನ್ನು ಹಚ್ಚುವುದು ಸಲ್ಲದು.

ಈ ಕೊಳವೆಯ ಕಾವನ್ನು ತಡೆಯಲು ಕೆಲವು ಸವಾರರು ಒಂದು ಉಪಾಯವನ್ನು ಕೈಕೊಳ್ಳುತ್ತಾರೆ. ಕೊಳವೆಯ ಮೇಲೆ ಉಷ್ಣನಿರೋಧಕ ಪಟ್ಟಿಯನ್ನು ಬಿಗಿಯಾಗಿ ಸುತ್ತುವುದೇ ಆ ಉಪಾಯ. ಪಟ್ಟಿಯನ್ನು ಗಾಜಿನ ಎಳೆಗಳಿಂದ ನೇಯುವುದುಂಟು. ಬಸಾಲ್ಟ್ ಶಿಲೆಯನ್ನು ಕರಗಿಸಿ ಎಳೆದ ನೂಲಿನಿಂದ ನೇಯುವುದೂ ಉಂಟು. ಬಿಜಾಪುರದ ಗೋಲಗುಮ್ಮಟವನ್ನು ಕಟ್ಟಿರುವ ಕಪ್ಪು ಕಲ್ಲಿನ ಜಾತಿಯೇ ಈ ಬಸಾಲ್ಟ್. ಹಿಂದೆ ಇಂಥ ಹೊದಿಕೆಗಳಿಗೆ ಕಲ್ನಾರನ್ನು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶವನ್ನು ಹೊಕ್ಕು ಕ್ಯಾನ್ಸರ್ ರೋಗವನ್ನು ತರುವುದೆಂದು ತಿಳಿದ ಮೇಲೆ ಅದನ್ನು ಕೈಬಿಟ್ಟರು. ಪಟ್ಟಿಯನ್ನು ಮೊದಲು ನೀರಿನಲ್ಲಿ ನೆನೆಸಿ, ಒಂದೊಂದು ಸುತ್ತೂ ಹಿಂದಿನ ಸುತ್ತಿನ ಅಂಚನ್ನು ಮುಚ್ಚುವಂತೆ ಸುತ್ತಿ, ತುಕ್ಕು ಹಿಡಿಯದ ಉಕ್ಕಿನ ಪಟ್ಟಿಗಳಿಂದ ಬಿಗಿಯುತ್ತಾರೆ. ಗಾಜಿನ ಎಳೆ ಚರ್ಮಕ್ಕೆ ಚುಚ್ಚಿ ತುರಿಕೆಯನ್ನು ಉಂಟುಮಾಡುವುದರಿಂದ ಕೈಚೀಲವನ್ನು ತೊಟ್ಟೇ ಈ ಕೆಲಸ ಮಾಡಬೇಕು.

ಸುತ್ತಿದ ಪಟ್ಟಿ ಮಾಡುವುದಾದರೂ ಏನು? ಕಂಬಳಿಯನ್ನು ನೆನೆದರೆ ಉತ್ತರ ಸುಲಭವಾಗುತ್ತದೆ. ಕಂಬಳಿ ಹೊದ್ದವನಿಗೆ ಬೆಚ್ಚಗಾಗುತ್ತದೆ. ಅದೇ ಕಂಬಳಿಯನ್ನು ಮಂಜುಗಡ್ಡೆಗೆ ಸುತ್ತಿದರೆ ಅದು ಬೇಗ ಕರಗುವುದಿಲ್ಲ. ಕಂಬಳಿಯು ಬಿಸಿಯನ್ನೂ ಹುಟ್ಟಿಸದು, ತಂಪನ್ನೂ ಹುಟ್ಟಿಸದು. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯು ಉಷ್ಣದ ಹರಿವನ್ನು ತಡೆಯುತ್ತದೆ, ಅಷ್ಟೆ. ಕೊಳವೆಗೆ ಸುತ್ತಿದ ಪಟ್ಟಿಯ ಕೆಲಸವೂ ಇಷ್ಟೇ. ಕೊಳವೆಯ ಮೈಯಿಂದ ಹೊರಸೂಸಬೇಕಾಗಿದ್ದ ಉಷ್ಣದ ಬಹುಪಾಲು ಅನಿಲದಲ್ಲಿಯೇ ಉಳಿದು ಸೈಲೆನ್ಸರಿನ ಕಡೆಗೆ ಸಾಗುತ್ತದೆ. ಸವಾರನ ಕಾಲಿಗೂ ಸಮೀಪದ ತಂತಿಗಳಿಗೂ ಕಾವು ಕಡಿಮೆಯಾಗುತ್ತದೆ. ಬಿಸಿಯಾಗಿಯೇ ಉಳಿದ ಅನಿಲ ಹಗುರವಾಗಿದ್ದು ವೇಗವಾಗಿ ಹರಿಯುವುದೆಂಬ ಕಾರಣದಿಂದ ಪಂದ್ಯದ ವಾಹನಗಳಲ್ಲಿಯೂ ಇದನ್ನು ಬಳಸುವುದುಂಟು.

ಆದರೆ ಇಷ್ಟರಿಂದಲೇ ಇಂಜಿನು ತಂಪಾಯಿತೆಂದು ಭಾವಿಸುವುದು ತಪ್ಪು. ಸಿಲಿಂಡರಿನ ಉಷ್ಣವು ರೆಕ್ಕೆಗಳ ಮೂಲಕವೂ ಎಣ್ಣೆಯ ಮೂಲಕವೂ ಹೊರಹೋಗಬೇಕು. ಕೊಳವೆಯ ಹೊದಿಕೆ ಆ ದಾರಿಯನ್ನು ಸ್ವಲ್ಪವೂ ಅಗಲಗೊಳಿಸದು. ಹೊದಿಕೆಯ ಒಳಗಿನ ಕೊಳವೆಯಂತೂ ಮೊದಲಿಗಿಂತ ಹೆಚ್ಚು ಕಾಯುತ್ತದೆ, ಏಕೆಂದರೆ ಅದಕ್ಕೆ ಗಾಳಿಯ ಆಸರೆ ತಪ್ಪಿಹೋಗಿರುತ್ತದೆ. ಸಾಧಾರಣ ಉಕ್ಕಿನ ಕೊಳವೆಯಾದರೆ ಈ ಕಾವಿಗೆ ಅದರ ಮೈ ಬೇಗ ಸವೆಯುತ್ತದೆ. ಮಳೆಯ ನೀರು ಪಟ್ಟಿಯಲ್ಲಿ ಇಂಗಿ ನಿಂತರೆ ಒಳಗೊಳಗೇ ತುಕ್ಕು ಹಿಡಿಯುತ್ತದೆ; ಮೇಲೆ ಹೊದಿಕೆ ಇರುವುದರಿಂದ ಅದು ಕಣ್ಣಿಗೂ ಬೀಳದು. ಸೋರಿದ ಎಣ್ಣೆಯೋ ಪೆಟ್ರೋಲೋ ಪಟ್ಟಿಯಲ್ಲಿ ನೆನೆದರೆ ಬೆಂಕಿಯ ಭಯವೂ ಉಂಟು. ಮಲೆನಾಡಿನಂತಹ ಮಳೆಯ ಸೀಮೆಯಲ್ಲಿ ಇದನ್ನು ಸುತ್ತುವವರು ಮತ್ತಷ್ಟು ಯೋಚಿಸಬೇಕು. ಕಾಲು ಸುಡದಿರಲಿ ಎಂಬುದಷ್ಟೇ ಉದ್ದೇಶವಾದರೆ, ಕೊಳವೆಗೂ ಕಾಲಿಗೂ ನಡುವೆ ತುಸು ಅಂತರ ಬಿಟ್ಟು ಕೂಡಿಸಿದ ಲೋಹದ ಮರೆಯೇ ಸಾಕಾಗುತ್ತದೆ. ಆ ಅಂತರದಲ್ಲಿ ಗಾಳಿಯಾಡುವುದರಿಂದ ಕೊಳವೆಗೂ ಕೇಡಿಲ್ಲ.

ಇಂಜಿನನ್ನು ನಿಜವಾಗಿ ತಂಪಾಗಿಡುವ ಕ್ರಮಗಳು ಬಹಳ ಸರಳವಾದವು. ರೆಕ್ಕೆಗಳ ನಡುವೆ ಕಟ್ಟಿದ ಕೆಸರನ್ನು ತೆಗೆಯಬೇಕು. ತಕ್ಕ ಎಣ್ಣೆಯನ್ನು ತಕ್ಕ ಪ್ರಮಾಣದಲ್ಲಿ ಹಾಕಿ ಕಾಲಕಾಲಕ್ಕೆ ಬದಲಿಸಬೇಕು. ಗಾಳಿಗೆ ಹೋಲಿಸಿದರೆ ಪೆಟ್ರೋಲು ತೀರ ಕಡಿಮೆಯಾದಾಗಲೂ ಇಂಜಿನು ಅತಿಯಾಗಿ ಕಾಯುವುದರಿಂದ, ಅವುಗಳ ಮಿಶ್ರಣವನ್ನು ಹದವಾಗಿಡಬೇಕು. ನಿಂತಲ್ಲಿ ಬಹಳ ಹೊತ್ತು ಇಂಜಿನನ್ನು ಓಡಿಸಬಾರದು; ವಾಹನ ಚಲಿಸದಿದ್ದರೆ ಗಾಳಿಯೂ ಬೀಸದು.

ಉಷ್ಣವನ್ನು ಸೃಷ್ಟಿಯಿಂದ ಅಳಿಸಿಹಾಕುವ ಹೊದಿಕೆ ಎಲ್ಲಿಯೂ ಇಲ್ಲ. ಒಂದೆಡೆ ತಡೆದರೆ ಅದು ಮತ್ತೊಂದೆಡೆ ತಲೆಯೆತ್ತುತ್ತದೆ. ಅದು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗುತ್ತದೆ, ಹೋಗುವಾಗ ಯಾರನ್ನು, ಯಾವುದನ್ನು ಮುಟ್ಟುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡ ಬಳಿಕವೇ ಪಟ್ಟಿಯನ್ನು ಕೈಗೆತ್ತಿಕೊಳ್ಳುವುದು ಜಾಣತನ.

ಅಭ್ಯಾಸ

1. ಡೈಮ್ಲರನ ವಾಹನದ ಆಸನಕ್ಕೆ ಬೆಂಕಿ ಹತ್ತಲು ಕಾರಣವೇನು?
2. ಸಿಲಿಂಡರಿನ ಸುತ್ತಲಿನ ರೆಕ್ಕೆಗಳ ಉಪಯೋಗವನ್ನು ವಿವರಿಸಿರಿ.
3. ಉಷ್ಣನಿರೋಧಕ ಪಟ್ಟಿಯನ್ನು ಕಂಬಳಿಗೆ ಹೋಲಿಸಿರುವುದು ಏಕೆ?
4. ಕೊಳವೆಗೆ ಪಟ್ಟಿ ಸುತ್ತುವುದರಿಂದ ಆಗುವ ಅನುಕೂಲ ಮತ್ತು ಅನನುಕೂಲಗಳನ್ನು ಪಟ್ಟಿಮಾಡಿರಿ.
5. ‘ಒಂದೆಡೆ ತಡೆದರೆ ಅದು ಮತ್ತೊಂದೆಡೆ ತಲೆಯೆತ್ತುತ್ತದೆ.’ ಈ ಮಾತನ್ನು ನಿಮ್ಮ ಮನೆಯ ಅಡಿಗೆಯ ಒಲೆಯ ಉದಾಹರಣೆಯಿಂದ ಸಮರ್ಥಿಸಿರಿ.