ಅಗ್ಗದ ಪಿಸ್ತೂಲು, ದುಬಾರಿ ನಿದ್ದಿ

ತಮ್ಮಾ, ಕಡಿಮಿ ರೊಕ್ಕದ ಪಿಸ್ತೂಲು ಯಾವುದು, ಹೊತ್ತಿಗೆ ಕೈ ಕೊಡದಂಥಾದ್ದು ಯಾವುದು ಅಂತ ಬಾಗಲಕೋಟಿಯ ನವನಗರದಿಂದ ಹುನಗುಂದದ ತನಕ ಕೇಳ್ಕೋತ ಹೊಂಟೀಯಂತ. ಕೇಳೂದು ತಪ್ಪಲ್ಲ. ಎಮ್ಮಿ ತಗೊಳ್ಳಾಂವನೂ ನಾಕು ಮಂದೀನ್ನ ಕೇಳೇ ಸಂತಿಗೆ ಹೋಗ್ತಾನ. ಆದ್ರ ನೀ ಕೇಳಿದವ್ರೆಲ್ಲಾ ಪಿಸ್ತೂಲನ್ನ ಸಿನಿಮಾದಾಗ ನೋಡಿದವ್ರು. ಲೈಸೆನ್ಸ್ ಇಟ್ಟ ಮುದುಕ ನಾ ಓಣಿಯೊಳಗ ಕುಂತೀನಿ. ಕೇಳಿದ್ರ ಬೈತಾನ ಅಂತ ಅಂಜಿ ದಾರಿ ಬಳಸಿ ಹೋದಿ. ಬೈಯೂದಂತೂ ಬೈತೀನಿ. ಅದರ ಸಂಗಾಟ ಉಪಯೋಗದ ಮಾತೂ ಹೇಳ್ತೀನಿ, ಕುಂಡ್ರು.

ನಾ ರಿವಾಲ್ವರ್ ತಗೊಂಡದ್ದು ಶೋಕಿಗಲ್ಲ. ಇಳಕಲ್ಲಿನ ಸುತ್ತ ಕೆಂಪು ಗ್ರಾನೈಟ್ ಕಣಿ ಜೋರು ನಡೆದ ಕಾಲ ಅದು. ಕಲ್ಲು ಹಡಗು ಹತ್ತಿ ಪರದೇಶಕ್ಕ ಹೋಗ್ತಿತ್ತು, ಕೂಲಿ ಮಾತ್ರ ವಾರಕ್ಕೊಮ್ಮೆ ನಗದಾಗೇ ಬಟವಡಿ ಆಗ್ತಿತ್ತು. ರೊಕ್ಕದ ಚೀಲ ಇಟ್ಕೊಂಡು ಜೀಪಿನ್ಯಾಗ ಕತ್ತಲದಾಗ ಹೋಗೋ ಕೆಲಸ ನಂದು. ಲೈಸೆನ್ಸಿಗೆ ಬಿಜಾಪುರದ ತನಕ ಅಲೀಬೇಕಿತ್ತು. ಬಾಗಲಕೋಟಿ ಜಿಲ್ಲೆ ಆಗಿದ್ದೇ 1997ರಾಗ. ಈಗ ನೋಡು, ಬಟವಡಿ ಎಲ್ಲಾ ಬ್ಯಾಂಕಿನ್ಯಾಗ, ಫೋನಿನ್ಯಾಗ. ಕಾರಣ ಹೋತು, ರಿವಾಲ್ವರ್ ಉಳೀತು. ನಿನ್ನ ಕಾರಣ ಏನಪಾ ಅಂದ್ರ "ಸೇಫ್ಟಿಗೆ ಮುತ್ಯಾ" ಅಂತಿ. ಯಾರಿಂದ ಸೇಫ್ಟಿ? ನಿನ್ನ ಬುಲೆಟ್ ಗಾಡಿ ಸಪ್ಪಳಕ್ಕ ಓಣಿ ನಾಯಿನೂ ದೂರ ಸರೀತಾವ.

ಮೊದಲ ಪ್ಯಾಟಿ ಹೆಂಗೈತಿ ತಿಳ್ಕೋ. ಪೊಲೀಸರ ಸೊಂಟದಾಗಿನ 9 ಎಂ.ಎಂ. ನಿನಗ ಸಿಗಂಗಿಲ್ಲ, ಅದು ನಿಷೇಧಿತ ಬೋರು. ನಮ್ಮಂಥವರ ಕೈಯಾಗ ಬಹಳ ಮಾಡಿ ಇರೂದು ಪಾಯಿಂಟ್ 32: ಕಾನಪುರದ ಸರಕಾರಿ ಕಾರ್ಖಾನಿಯ ರಿವಾಲ್ವರ್, ಇಲ್ಲಾ ಕೋಲ್ಕತ್ತಾ ಹತ್ರದ ಇಶಾಪುರದ 'ಅಶನಿ' ಪಿಸ್ತೂಲು. ಎರಡಕ್ಕೂ ಪಾಯಿಂಟ್ 32 ಅಂತಾರ, ಗುಂಡು ಮಾತ್ರ ಬ್ಯಾರೆ ಬ್ಯಾರೆ. ಇಷ್ಟೂ ಗೊತ್ತಿಲ್ಲದ ಅಂಗಡಿ ಮೆಟ್ಟಲ ಹತ್ತಿದವರನ್ನ ನಾ ಕಂಡೀನಿ. 2014ರಾಗ ಕಾನಪುರದವರು ಹೆಣ್ಣುಮಕ್ಕಳ ಸಲುವಾಗಿ ಅಂತ 'ನಿರ್ಭೀಕ್' ತಂದ್ರು. ಅರ್ಧ ಕಿಲೋ ತೂಕ, ಆರು ಗುಂಡು, ಬೆಲಿ ಆವಾಗಲೇ ಒಂದು ಲಕ್ಷ 22 ಸಾವಿರದ ಮ್ಯಾಲ. ಪರದೇಶದ್ದು ಬೇಕು ಅಂತಿ? 1980ರ ದಶಕದ ನಡುವಿನಿಂದ ಸಾಮಾನ್ಯ ಮಂದಿ ತರಿಸೂದು ಬಂದ್ ಆಗೇತಿ. ಅಜ್ಜಂದಿರ ಕಾಲದ ವೆಬ್ಲಿ, ವಾಲ್ಥರ್ ಕೈಯಿಂದ ಕೈಗೆ ದಾಟ್ಕೋತ ಲಕ್ಷಗಟ್ಟಲೆ ಬಾಳ್ತಾವ. ಅಂದ್ರ, ನೀ ಹುಡುಕೂ ಕಡಿಮಿ ರೊಕ್ಕದ್ದು ನಮ್ಮ ದೇಶದ ಕಾಯ್ದೆಯೊಳಗ ಹುಟ್ಟೇ ಇಲ್ಲ.

ಅಗ್ಗದ ಪಿಸ್ತೂಲು ನೋಡಬೇಕಂದ್ರ ಅಮೆರಿಕಕ್ಕ ಹೋಗಬೇಕು. ಓಹಾಯೋದಾಗ ಹೈ-ಪಾಯಿಂಟ್ ಅಂತ ಮಾಡ್ತಾರ. ಇನ್ನೂರು ಡಾಲರ್ ಆಸುಪಾಸಿಗೆ ಹೊಸಾದು. ಕೈಯಾಗ ಹಿಡಿದ್ರ ಇಟ್ಟಂಗಿಯಷ್ಟು ಭಾರ. ಯಾಕಂದ್ರ ಗುಂಡು ಹಾರಿದಾಗ ಹಿಂದಕ್ಕ ಒದಿಯೂ ಜೋರನ್ನ ತಡಿಯಾಕ ದುಬಾರಿ 9 ಎಂ.ಎಂ. ಪಿಸ್ತೂಲಿನ್ಯಾಗ ನಳಿಗಿ ಮತ್ತ ಮ್ಯಾಲಿನ ಸ್ಲೈಡ್ ಒಂದಕ್ಕೊಂದು ಕೀಲಿ ಬೀಳ್ತಾವ. ಇದರಾಗ ಆ ಕೀಲಿ ಇಲ್ಲ. ಸ್ಲೈಡನ್ನ ದಪ್ಪ ಮಾಡಿ, ಬರೇ ತೂಕದ ಮ್ಯಾಲ ತಡೀತಾರ. ಖರ್ಚು ಉಳೀತು, ಭಾರ ಬೆಳೀತು. ಇಟ್ಟವ್ರಾಗ ಎರಡು ಪಕ್ಷ. ಒಬ್ಬಾಂವ ರೂಪ ಇಲ್ಲ, ಆದ್ರ ಹೊಡದಾಗೆಲ್ಲಾ ಹಾರೇತಿ ಅಂತಾನ. ಇನ್ನೊಬ್ಬಾಂವ ಗುಂಡು ಸಿಗಬೀಳ್ತಾವ ಅಂತ ಗೊಣಗ್ತಾನ. ಗೊಣಗೂದರಾಗ ಎಷ್ಟೋ ಸಲ ತಪ್ಪು ಪಿಸ್ತೂಲಿಂದಲ್ಲ, ಗುಂಡು ತುಂಬೂ ಮ್ಯಾಗಜಿನ್ನಿನ ತುಟಿ ಸೊಟ್ಟ ಆಗಿರ್ತೈತಿ. ಕಂಪನಿಯವರೂ ಗಟ್ಟಿ ಮಂದಿ. ಎಷ್ಟನೇ ಕೈ ಆಗಿರಲಿ, ಜೀವ ಇರೂತನಾ ದುರಸ್ತಿ ಮಾಡಿ ಕೊಡ್ತೀವಿ ಅಂತ ಮಾತು ಕೊಟ್ಟಾರ.

ಇಲ್ಲಿ ಒಂದು ಸೂಕ್ಷ್ಮ ಐತಿ, ಕಿವಿಗೊಟ್ಟು ಕೇಳು. ಆ ಮಂದಿ ಮಾತಿಗೆ ತೂಕ ಬಂದದ್ದು ಎಲ್ಲಿಂದ? ಮೈದಾನಕ್ಕ ಹೋಗಿ ಪೆಟ್ಟಿಗಿಗಟ್ಟಲೆ ಗುಂಡು ಹಾರಿಸಿ, ಎಷ್ಟರಾಗ ಎಷ್ಟು ಕೈ ಕೊಟ್ಟುವು ಅಂತ ಎಣಿಸಿರ್ತಾರ. ನಂಬಿಗಿ ಅನ್ನೂದು ಆ ಎಣಿಕಿಯಿಂದ ಬರ್ತೈತಿ. ನಮ್ಮಲ್ಲಿ? ಲೈಸೆನ್ಸ್ ಪುಸ್ತಕದಾಗ ಎಷ್ಟು ಬರದಾರೋ ಅಷ್ಟ ಗುಂಡು, ಅವೂ ದುಬಾರಿ, ಹಾರಸಾಕ ಜಾಗಾ ಸಿಗೂದೂ ಅಪರೂಪ. ನಮ್ಮ ಕಡಿ ಪಿಸ್ತೂಲಿನ ಮಾಲಕರು ವರ್ಷಕ್ಕೊಮ್ಮೆ ಖಂಡೇ ಪೂಜಿ ದಿನ ಹೊರಗ ತಗದು, ಕುಂಕುಮ ಹಚ್ಚಿ, ಹೂವು ಏರ್ಸಿ, ಮತ್ತ ಟ್ರೆಜರಿಯೊಳಗ ಇಡ್ತಾರ. "ಹೆಂಗೈತ್ರೀ ನಿಮ್ಮ ಪಿಸ್ತೂಲು?" ಅಂತ ಕೇಳು. "ಏ, ನಂಬರ್ ಒನ್" ಅಂತಾರ. ಹಾರಸೇ ಇಲ್ಲದ್ದು ಕೈ ಕೊಡೂದಾದ್ರೂ ಹೆಂಗ? ಹಂಗಾಗಿ ನೀ ಊರಮ್ಯಾಲ ಕೇಳಿದ್ದೆಲ್ಲಾ ನೀರಿನ್ಯಾಗ ಹೋತು, ತಮ್ಮಾ.

ಕೇಳಬೇಕಾದ್ದು ಬ್ಯಾರೆ ಐತಿ. ರಾತ್ರಿ ಅದನ್ನ ಎಲ್ಲಿ ಇಡ್ತೀರಿ, ಕೀಲಿ ಯಾರ ಹಂತೇಲಿ, ಮನಿಯಾಗಿನ ಹುಡುಗ್ರಿಗೆ ಗೊತ್ತೈತೇನು ಅಂತ ಕೇಳು. ಆವಾಗ ಖರೇ ಅನುಭವ ಹೊರಗ ಬರ್ತಾವ. ಇಳಕಲ್ಲಿನ ನಮ್ಮ ಕಲ್ಲಿನ ವ್ಯಾಪಾರಿ ಗೆಳೆಯಾ ಒಬ್ಬಾಂವ ಪಿಸ್ತೂಲು ತಗೊಂಡ ಮ್ಯಾಲ ಬನಶಂಕರಿ ಜಾತ್ರಿಯಾಗ ರಾತ್ರಿಯೆಲ್ಲಾ ನಾಟಕ ನೋಡೂದು ಬಿಟ್ಟ. ಮೊದಲ ತೇರು ಎಳದ ದಿನದಿಂದ ಕಂಪನಿ ನಾಟಕ ಒಂದೂ ಬಿಡ್ತಿರಲಿಲ್ಲ. ಮನಿಯಾಗ ಬಿಟ್ಟು ಬಂದ್ರ ಕಳವಿನ ಅಂಜಿಕಿ, ಜಾತ್ರಿಗೆ ತಂದ್ರ ಗದ್ದಲದಾಗ ಯಾರರೇ ಸೆಳಕೊಂಡಾರು ಅನ್ನೂ ಅಂಜಿಕಿ. ಬ್ಯಾಸಗಿಯಾಗ ಮಾಳಗಿ ಮ್ಯಾಲ ಮಲಗೂದೂ ಹೋತು. ಯಾರನ್ನ ಅಂಜಸಾಕ ತಗೊಂಡಿದ್ದನೋ ಅವರು ಆರಾಮ ಮಲಗ್ಯಾರ. ಇಂವ ಮಾತ್ರ ಬಾಗಿಲ ಚಿಲಕ ಎರಡು ಸಲ ನೋಡ್ತಾನ.

ಇನ್ನೊಬ್ಬಾಂವ ಹುನಗುಂದದ ಕಡಿಯಾಂವ, ಚರ್ಮದ ಚೀಲದೊಳಗೇ ವರ್ಷಗಟ್ಟಲೆ ಇಟ್ಟಿದ್ದ. ಚರ್ಮ ಮಳಿಗಾಲದ ಥಂಡಿ ಹೀರ್ತೈತಿ, ಬ್ಯಾಸಗಿಯ ಬೆವರಿನ ಉಪ್ಪೂ ಹೀರ್ತೈತಿ. ತಗದು ನೋಡಿದ್ರ ಸ್ಲೈಡಿನ ಮ್ಯಾಲ ತುಕ್ಕಿನ ಚಿಕ್ಕಿ. ಗುಂಡು ಹಳೇವು, ಥಂಡಿ ಹಿಡದಿದ್ದುವು. ಪೊಲೀಸ್ ಮೈದಾನದಾಗ ಒತ್ತಿದ್ರ ಬರೇ ಟಕ್ ಅಂತು. ಪಿಸ್ತೂಲನ್ನ ಬೈದ. ಅದೇನು ಮಾಡೀತು ಪಾಪ? ಬಟ್ಟಿಯಿಂದ ವರಸಿ, ತೆಳ್ಳಗ ಎಣ್ಣಿ ಕೊಟ್ಟು, ಚರ್ಮದಿಂದ ಹೊರಗ ಇಡಬೇಕು. ಕಣಿ ಕೆಲಸ ಇದ್ದಾಂವಂಗ ಕಲ್ಲಿನ ಹುಡಿ ಮತ್ತೊಂದು ಕಾಟ. ಎಣ್ಣಿ ಹೆಚ್ಚಾದ್ರ ಆ ಹುಡಿ ಎಣ್ಣಿಗೆ ಹತ್ತಿ ಅರದಂಗ ಆಗ್ತೈತಿ. ಬೈಕಿನ ಚೈನಿಗೆ ಎಣ್ಣಿ ಬಿಡಾಕ ಅಪ್ಪನ ಕಡಿಂದ ಮೂರು ಸಲ ಬೈಸ್ಕೊಳ್ಳೂ ನೀ ಇದನ್ನೆಲ್ಲಾ ಮಾಡ್ತೀಯೇನು?

ಪಿಸ್ತೂಲೋ ರಿವಾಲ್ವರೋ ಅಂದ್ರ, ರೂಢಿ ಇಲ್ಲದಾಂವಂಗ ರಿವಾಲ್ವರ್ ಅಂತೀನಿ ನಾ. ಒಂದು ಗುಂಡು ಹಾರಲಿಲ್ಲಂದ್ರ ಇನ್ನೊಮ್ಮೆ ಒತ್ತಿದ್ರ ಗಾಲಿ ತಿರಗಿ ಮುಂದಿನ ಗುಂಡು ಬರ್ತೈತಿ. ಪಿಸ್ತೂಲಿನ್ಯಾಗ ಸಿಗಬಿದ್ರ ಸ್ಲೈಡ್ ಎಳದು ಬಿಡಿಸಬೇಕು. ನಡಗೂ ಕೈಯಿಂದ, ಕತ್ತಲದಾಗ, ಅದು ಕಲತವರ ಕೆಲಸ.

ಇನ್ನ ರೊಕ್ಕದ ಲೆಕ್ಕ. ಅಂಗಡಿಯಾಂವ ಹೇಳೂ ಬೆಲಿ ಬರೇ ಬಾಗಿಲ. 21 ತುಂಬಿರಬೇಕು, ಅರ್ಜಿ ಹಾಕಬೇಕು, ವೈದ್ಯರ ಸರ್ಟಿಫಿಕೇಟು, ಸುರಕ್ಷಿತ ಇಡಾಕ ಜಾಗಾ ಐತಿ ಅಂತ ಬರದುಕೊಡೂದು, ಪೊಲೀಸ್ ವರದಿ, ಆಮ್ಯಾಲ ಡಿ.ಸಿ. ಸಾಹೇಬರ ಮರ್ಜಿ. 2016ರ ನಿಯಮದ ಪ್ರಕಾರ ತರಬೇತಿ ಸರ್ಟಿಫಿಕೇಟೂ ಬೇಕು. 2019ರ ತಿದ್ದುಪಡಿ ಆದ ಮ್ಯಾಲ ಲೈಸೆನ್ಸ್ ಐದು ವರ್ಷಕ್ಕ, ಮೊದಲ ಮೂರಿತ್ತು. ಇಡಾಕ ಬರೂದು ಎರಡ ಆಯುಧ, ಮೊದಲ ಮೂರಿದ್ದುವು. ಅರ್ಜಿಯಾಗ ಕಬ್ಬಿನಾಗ ಹಂದಿ ಬರ್ತಾವ ಅಂತ ನೆವ ಹೇಳಬ್ಯಾಡ. ಹಂದಿಗೆ ಪಿಸ್ತೂಲು ಹಿಡಿಯೂದು ನೋಡಿದ್ರ ಹಂದಿನೇ ನಕ್ಕೀತು.

ನಗು ಬರೂದು ಚುನಾವಣಿ ಬಂದಾಗ. ನೀತಿ ಸಂಹಿತೆ ಬಂತಂದ್ರ ಬಹುತೇಕರು ಆಯುಧ ಠಾಣೆಕ್ಕ ಒಪ್ಪಿಸಿ ಚೀಟಿ ತಗೋಬೇಕು. 2023ರ ವಿಧಾನಸಭೆ, ಮರುವರ್ಷ ಲೋಕಸಭೆ, ಎರಡೂ ಸಲ ಬ್ಯಾಸಗಿಯೆಲ್ಲಾ ನನ್ನ ರಿವಾಲ್ವರ್ ಠಾಣೆದಾಗ ಥಣ್ಣಗ ಕುಂತಿತ್ತು. ಊರಾಗ ಪಾರ್ಟಿ ಪಾರ್ಟಿ ಅಂತ ತಲಿ ಕೆಡಸ್ಕೊಂಡು, ಎದುರು ಬಣದವರು ಏನರೇ ಮಾಡ್ಯಾರು ಅಂತ ನೀ ಅಂಜೂದು ಯಾವಾಗ? ಚುನಾವಣ್ಯಾಗ. ಆವಾಗ ನಿನ್ನ ಸೇಫ್ಟಿ ಎಲ್ಲೈತಿ? ಪಿ.ಎಸ್.ಐ. ಸಾಹೇಬರ ಕಪಾಟಿನ್ಯಾಗ.

ಇಷ್ಟು ಕೇಳಿ ನಿನ್ನ ಮುಖ ಸಣ್ಣ ಆತು. ಈಗ ನಿನ್ನ ಆ ಗೆಳೆಯಾ, ಹೆಸರು ನಾ ಹೇಳಂಗಿಲ್ಲ, ಕಿವಿಯಾಗ ಉಸರತಾನ: "ಲೈಸೆನ್ಸ್ ಯಾಕ, ಕಂಟ್ರಿ ಪಿಸ್ತೂಲು ಕೆಲವು ಸಾವಿರಕ್ಕ ಸಿಗ್ತೈತಿ." ಇದಕ್ಕ ನಾ ನಗಂಗಿಲ್ಲ. ಒತ್ತಡ ತಡಿಯಾಕ ಮಾಡಿದ ಉಕ್ಕಲ್ಲ ಅದು, ಎಲ್ಲೋ ಸಿಕ್ಕ ಪೈಪು. ಸಿಡದ್ರ ಮುಂದ ಸಿಡೀತೈತೋ ನಿನ್ನ ಅಂಗೈಯಾಗ ಸಿಡೀತೈತೋ, ಮಾಡಿದಾಂವಂಗೂ ಗೊತ್ತಿರಂಗಿಲ್ಲ. ಪರವಾನಗಿ ಇಲ್ಲದ ಇಟ್ಕೊಂಡದ್ದಕ್ಕ ಕಡಿಮಿ ಅಂದ್ರ ಎರಡು ವರ್ಷ, ಐದರ ತನಕ ಜೈಲು. ಮಾಡೂದು, ಮಾರೂದಾದ್ರ ಏಳು ವರ್ಷದಿಂದ ಜೀವಾವಧಿ ತನಕ. ವಕೀಲರ ಫೀಜು ಕೊಟ್ಟು ಮುಗಸೂದರಾಗ ಅಪ್ಪ ಎರಡು ಎಕರೆ ಮಾರಿರ್ತಾನ. ಆ ಗೆಳೆಯಾನ ಸಂಗ ಬಿಡು. ಇದರಾಗ ಎರಡು ಮಾತಿಲ್ಲ.

ಮೊನ್ನೆ ನೀ ಎದಿ ಉಬ್ಬಿಸಿ "ನಾವು ಹಲಗಲಿ ಸೀಮಿಯವ್ರು" ಅಂದ್ಯಂತ. ಆತು, ಹಲಗಲಿ ಮಾತೂ ಆಡೂಣು. 1857ರಾಗ ಆಯುಧಕ್ಕ ಪರವಾನಗಿ ಬೇಕು ಅಂತ ಕಂಪನಿ ಸರಕಾರ ಕಾಯ್ದೆ ತಂದಾಗ ಮುಧೋಳ ಸೀಮಿಯ ಹಲಗಲಿ ಬ್ಯಾಡರು ಕೊಡಂಗಿಲ್ಲ ಅಂದ್ರು. ಹನುಮ, ಜಡಗ, ಬಾಲ, ರಾಮ ಅಂತ ಲಾವಣಿಯಾಗ ಹೆಸರು ಕೇಳಿದಿ. ನವೆಂಬರ್ ಕೊನೀಗೆ ದಂಡು ಬಂದು ಊರು ಸುಟ್ಟಿತು. ಡಿಸೆಂಬರಿನ್ಯಾಗ 19 ಮಂದೀನ್ನ ಗಲ್ಲಿಗೇರಿಸಿದ್ರು, ಒಂದಿಷ್ಟು ಮಂದೀನ್ನ ಮುಧೋಳದಾಗ, ಉಳಿದವರನ್ನ ಹಲಗಲಿಯೊಳಗೇ. ಬ್ಯಾಟಿ ಅವರ ಬದುಕಾಗಿತ್ತು; ಆಯುಧ ಕಸಗೊಂಡ್ರ ಅನ್ನಾನೇ ಕಸಗೊಂಡಂಗ. ನಿನಗ ಅನ್ನ ಕೊಡೂದು ಆಯುಧ ಅಲ್ಲ, ಅಪ್ಪನ ಕಬ್ಬಿನ ಬಿಲ್ಲು. ಹಲಗಲಿಯವರು ಜೀವ ಕೊಟ್ಟದ್ದನ್ನ ನೀ ಇನ್‌ಸ್ಟಾದಾಗ ಫೋಟೋ ಹಾಕಾಕ ಬಳಸಬ್ಯಾಡ.

ನಿನ್ನ ಸ್ವಭಾವ ನನಗ ಗೊತ್ತೈತಿ, ಅದಕ್ಕ ಇಷ್ಟು ಹೇಳೂದು. ಮನಸ್ಸು ಚಲೋದು, ಕೈ ದೊಡ್ಡದು, ಸಿಟ್ಟು ಮಾತ್ರ ಮೂಗಿನ ತುದಿ ಮ್ಯಾಲ. ಕಬಡ್ಡಿಯಾಗ ರೆಫರಿ ಮ್ಯಾಲ ಏರಿ ಹೋದಾಂವ ನೀ. ತಾಸಿನ ಮ್ಯಾಲ ಅವನ ಕೂಡನೇ ಗಿರಮಿಟ್ ತಿಂದಿ, ಅದೂ ಖರೆ. ಆದ್ರ ಸೊಂಟದಾಗ ಪಿಸ್ತೂಲಿದ್ದ ದಿನ ಆ ತಾಸು ಸಿಗಂಗಿಲ್ಲ. ಮದುವಿ ಮೆರವಣಿಗ್ಯಾಗ ಡಿ.ಜೆ. ಮುಂದ ಕುಣೀತ ಮ್ಯಾಲ ಎತ್ತಿ ಹಾರಿಸಿದ್ರ ಅದಕ್ಕೇ ಬ್ಯಾರೆ ಕಲಂ ಬಂದೈತಿ: ಎರಡು ವರ್ಷದ ತನಕ ಜೈಲು, ಇಲ್ಲಾ ಲಕ್ಷದ ತನಕ ದಂಡ, ಇಲ್ಲಾ ಎರಡೂ. ಕಳ್ಳ ಹೊರಳಿ ಓಡಾಕತ್ತಿದ ಮ್ಯಾಲ ಬೆನ್ನಿಗೆ ಹೊಡೆದ್ರ ಆತ್ಮರಕ್ಷಣೆ ಅಂತ ಕೋರ್ಟಿನ್ಯಾಗ ನಿಂತು ಹೇಳೂದು ಬಾಳ ಕಷ್ಟ.

ಇಷ್ಟರ ಮ್ಯಾಲೂ ಬೇಕ ಬೇಕು ಅಂತೀಯೇನು? ಹಟ ಮಾಡೂದು ನಿಮ್ಮ ಮನೆತನದಾಗೇ ಐತಿ, ನಿಮ್ಮ ಅಜ್ಜನ ಕೂಡ ನಾ ಏಗಿದ್ದು ಕಡಿಮಿ ಅಲ್ಲ. ಮೊದಲ ಜಿಲ್ಲಾ ಪೊಲೀಸರು ನಡಸೂ ನಾಗರಿಕ ಬಂದೂಕು ತರಬೇತಿಗೆ ಹೆಸರು ಹಚ್ಚು. ಮುಂಜಾನೆ ಏಳೂದು, ಸಾಲಿನ್ಯಾಗ ನಿಂದ್ರೂದು, ಹೇಳಿದಾಗ ಒತ್ತೂದು, ಬ್ಯಾಡ ಅಂದಾಗ ಬಟ್ಟು ಟ್ರಿಗರ್ ಹೊರಗ ಇಡೂದು ಅಲ್ಲಿ ಕಲಿಸ್ತಾರ. ಪೂರಾ ಮುಗಿಸಿ ಬಾ, ನಡುವ ಓಡಿ ಬರಬ್ಯಾಡ. ಆಮ್ಯಾಲ ಅರ್ಜಿಯಾಗ ಯಾಕ ಬೇಕು ಅನ್ನೂ ಜಾಗಾದಾಗ ನಿನ್ನ ಕೈಯಾರೆ ಬರದು, ಮೊದಲ ನಿಮ್ಮವ್ವನ ಮುಂದ ಓದು. ಆಕಿ ಹೂಂ ಅಂದ್ರ ಬಾ, ನವನಗರದ ಡಿ.ಸಿ. ಆಫೀಸಿಗೆ ನಾನೂ ಬರ್ತೀನಿ. ಬಸ್ ಚಾರ್ಜು ನಂದು, ಚಾ-ಚೂಡಾದ ಖರ್ಚು ನಿಂದು.