ಸಿಡಿಲು: ಉಂಟಾಗುವ ಬಗೆ ಮತ್ತು ಪ್ರಾಣರಕ್ಷಣೆಯ ಕ್ರಮಗಳು

ಮುಂಗಾರಿಗೆ ಮುನ್ನ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೀಳುವ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಗುಡುಗು ಸಿಡಿಲುಗಳೊಡನೆ ಬರುವುದು ಸಾಮಾನ್ಯ. ಭೂಮಿಯನ್ನು ಬಿತ್ತನೆಗೆ ಹದಗೊಳಿಸುವ ಕಾಲವೂ ಇದೇ ಆಗಿರುವುದರಿಂದ ರೈತರು, ಕೃಷಿ ಕಾರ್ಮಿಕರು ಮತ್ತು ಕುರಿಗಾಹಿಗಳು ಬಯಲಿನಲ್ಲಿಯೇ ಇರುತ್ತಾರೆ. ನೆನೆಯುವುದನ್ನು ತಪ್ಪಿಸಿಕೊಳ್ಳಲು ಮರದ ಕೆಳಗೆ ನಿಂತವರು ಸಿಡಿಲಿಗೆ ಬಲಿಯಾಗುವ ದುರಂತಗಳು ಮರುಕಳಿಸುತ್ತಿವೆ. ಸಕಾಲದ ಎಚ್ಚರದಿಂದ ಇವುಗಳಲ್ಲಿ ಬಹುಪಾಲನ್ನು ತಡೆಯಬಹುದು.

ಸಿಡಿಲು ಹೇಗೆ ಉಂಟಾಗುತ್ತದೆ?

ಕಾದ ನೆಲದ ಮೇಲಿನ ತೇವಭರಿತ ಗಾಳಿಯು ಹಗುರಾಗಿ ಮೇಲೇರಿ, ತಣಿದು, 10 ಕಿಲೋಮೀಟರಿಗೂ ಎತ್ತರವಾಗಿ ಬೆಳೆಯಬಲ್ಲ ಕಾರ್ಮೋಡವಾಗುತ್ತದೆ. ಅದರೊಳಗೆ ಹಿಮದ ಹರಳುಗಳು ಮತ್ತು ಮೆದುವಾದ ಆಲಿಕಲ್ಲುಗಳು ಒಂದಕ್ಕೊಂದು ತಾಗುವುದರಿಂದ ವಿದ್ಯುದಾವೇಶ ಬೇರ್ಪಡುತ್ತದೆ. ಸಾಮಾನ್ಯವಾಗಿ ಮೋಡದ ಮೇಲ್ಭಾಗದಲ್ಲಿ ಧನ ಆವೇಶವೂ ಕೆಳಭಾಗದಲ್ಲಿ ಋಣ ಆವೇಶವೂ ಶೇಖರಗೊಳ್ಳುತ್ತವೆ. ಈ ಒತ್ತಡವನ್ನು ಗಾಳಿಯು ತಡೆಯಲಾರದ ಕ್ಷಣದಲ್ಲಿ ವಿದ್ಯುತ್ತು ಹರಿಯುತ್ತದೆ. ಆಗ ಕಾಣುವ ಬೆಳಕೇ ಮಿಂಚು. ಆ ಹಾದಿಯ ಗಾಳಿಯು ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಹಠಾತ್ತನೆ ಹಿಗ್ಗುವ ಸದ್ದೇ ಗುಡುಗು. ನೆಲಕ್ಕೆ ಬಂದೆರಗುವುದು ಸಿಡಿಲು.

ಮರದ ಆಸರೆ ಏಕೆ ಅಪಾಯಕರ?

ಸಿಡಿಲು ಸಾಮಾನ್ಯವಾಗಿ ಎತ್ತರದ ವಸ್ತುವಿಗೆ ಎರಗುತ್ತದೆ. ಮರಕ್ಕೆ ಬಡಿದ ವಿದ್ಯುತ್ತು ಕಾಂಡದಿಂದ ಸಮೀಪದಲ್ಲಿರುವವರ ಮೈಗೆ ಹಾರಬಲ್ಲದು. ಬುಡದಿಂದ ನೆಲದಲ್ಲಿ ಹರಡಿ, ಒಂದು ಕಾಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬೀಳಲೂಬಲ್ಲದು. ಜಾನುವಾರುಗಳ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವುದರಿಂದ ಅವುಗಳಿಗೆ ಅಪಾಯ ಇನ್ನೂ ಅಧಿಕ.

ಅಪಾಯವನ್ನು ಅರಿಯುವ ಕ್ರಮ

ಶಬ್ದವು ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ ಎಂದರ್ಥ. ಮಳೆಯ ಮೊದಲ ಹನಿಗಾಗಿ ಕಾಯದೆ ಕೂಡಲೇ ಸುರಕ್ಷಿತ ಸ್ಥಳವನ್ನು ಸೇರಬೇಕು.

ಪಾಲಿಸಬೇಕಾದ ಕ್ರಮಗಳು

1. ಪಕ್ಕಾ ಕಟ್ಟಡ ಅಥವಾ ಗಾಜು ಮುಚ್ಚಿದ ಬಸ್ಸು, ಕಾರಿನೊಳಗೆ ಆಶ್ರಯ ಪಡೆಯಬೇಕು. ತೆರೆದ ಟ್ರ್ಯಾಕ್ಟರ್ ಮತ್ತು ದ್ವಿಚಕ್ರ ವಾಹನಗಳು ಸುರಕ್ಷಿತವಲ್ಲ.
2. ಒಂಟಿ ಮರ, ವಿದ್ಯುತ್ ಕಂಬ, ತಂತಿ ಬೇಲಿ, ಕೆರೆ ಮತ್ತು ಕಾಲುವೆಗಳಿಂದ ದೂರವಿರಬೇಕು.
3. ಮೋಡ ಕವಿಯುತ್ತಿದ್ದಂತೆಯೇ ಜಾನುವಾರುಗಳನ್ನು ಕೊಟ್ಟಿಗೆಗೆ ಕರೆತರಬೇಕು, ಮರಕ್ಕೆ ಕಟ್ಟಬಾರದು.
4. ಬಯಲಿನಲ್ಲಿ ಗುಂಪಾಗಿ ನಿಲ್ಲಬಾರದು, ನೆಲದ ಮೇಲೆ ಮಲಗಬಾರದು. ಬೇರೆ ದಾರಿಯೇ ಇಲ್ಲದಿದ್ದಲ್ಲಿ ತಗ್ಗಿನಲ್ಲಿ ಪಾದಗಳನ್ನು ಜೋಡಿಸಿ ಕುಕ್ಕುರುಗಾಲಿನಲ್ಲಿ ಕೂರಬೇಕು.
5. ಮನೆಯೊಳಗೆ ನಲ್ಲಿ ಹಾಗೂ ಪ್ಲಗ್ಗಿಗೆ ಜೋಡಿಸಿದ ಉಪಕರಣಗಳನ್ನು ಮುಟ್ಟಬಾರದು.
6. ಕೊನೆಯ ಗುಡುಗು ಕೇಳಿದ ನಂತರ 30 ನಿಮಿಷ ಕಳೆಯುವವರೆಗೆ ಹೊರಬರಬಾರದು.

ಸಿಡಿಲು ಬಡಿದವರ ಆರೈಕೆ

ಸಿಡಿಲು ಬಡಿದವರನ್ನು ಮುಟ್ಟಿದರೆ ವಿದ್ಯುತ್ ತಗಲುತ್ತದೆಂಬ ನಂಬಿಕೆ ತಪ್ಪು. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಈ ಭಯದಿಂದ ಕಳೆದುಹೋಗುವ ನಿಮಿಷಗಳೇ ಪ್ರಾಣಕ್ಕೆ ಎರವಾಗಬಹುದು. ಕೂಡಲೇ 108ಕ್ಕೆ ಕರೆ ಮಾಡಬೇಕು. ಉಸಿರಾಟ ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು. ಹಲವರಿಗೆ ಸಿಡಿಲು ಬಡಿದಿದ್ದಲ್ಲಿ ನರಳುತ್ತಿರುವವರಿಗಿಂತ ಮೊದಲು ಉಸಿರಿಲ್ಲದೆ ಬಿದ್ದಿರುವವರನ್ನು ಗಮನಿಸಬೇಕು. ಅವರು ಬದುಕುವ ಸಾಧ್ಯತೆ ಇನ್ನೂ ಇರುತ್ತದೆ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ರೂಪಿಸಿರುವ 'ದಾಮಿನಿ' ಮೊಬೈಲ್ ಆ್ಯಪ್ ಸಮೀಪದ ಸಿಡಿಲಿನ ಮುನ್ಸೂಚನೆ ನೀಡುತ್ತದೆ. ಉದ್ಯೋಗ ಖಾತರಿ ಕಾಮಗಾರಿಗಳ ಕಾಯಕ ಬಂಧುಗಳು, ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಈ ಮಾಹಿತಿಯನ್ನು ಮೊಬೈಲ್ ಇಲ್ಲದವರಿಗೂ ತಲುಪಿಸುವುದು ಅವಶ್ಯಕ. ಗುಡುಗು ಕೇಳಿದೊಡನೆ ಕೆಲಸ ನಿಲ್ಲಿಸುವುದು ಅಂಜಿಕೆಯಲ್ಲ, ವಿವೇಕ.